ಯಾರ ಮೈಮೇಲೆ ಬೀಳುತ್ತದೆ ಆ ಪದ?

ವಿಜಯಪುರ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ತೂಕದ ಕಾಟಾದ ಮುಂದೆ ರಾತ್ರಿಯಿಡೀ ಕಾಯುವ ರೈತರು ಕಣ್ಣಿಗೆ ಕಟ್ಟುತ್ತಾರೆ. ಆದರೆ ತೂಕದಲ್ಲಿ ಕದಿಯುವ ಸಾಹುಕಾರನನ್ನು 'ಅನೀತಿವಂತ' ಎಂದು ಒಂದೇ ಮಾತಿನಲ್ಲಿ ಮುಗಿಸಿರುವೆ. ಅವನ ಸಾಲದಲ್ಲಿ ಸಿಕ್ಕಿಕೊಂಡ ವಿಧವೆಗೆ ಮಾತ್ರ ನಡತೆಗೆಟ್ಟವಳು, ಶೀಲಗೆಟ್ಟವಳು, ಜಾರಿಣಿ ಎಂದು ಪುಟಪುಟಕ್ಕೂ ಬೈಗುಳ. ಊರಿನವರು ಹಾಗೆ ಅಂದರೆ ಅನ್ನಲಿ. ಕಥೆ ಹೇಳುವ ನೀನು ಅವರ ದನಿಗೆ ದನಿ ಸೇರಿಸಿದ್ದು ನನಗೆ ನೋವು ತಂದಿತು.

ನೀತಿಗೆ ಎದುರು ನಿಲ್ಲುವ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದಿಲ್ಲ. ಭ್ರಷ್ಟ ಎಂದರೆ ಇದ್ದ ಸ್ಥಾನದಿಂದ ಜಾರಿದವನು. ಅಧಿಕಾರವೋ ಜನರ ನಂಬಿಕೆಯೋ ಕೈಯಲ್ಲಿದ್ದವನಿಗೆ ಅದು ಒಪ್ಪುತ್ತದೆ. ಅನಾಚಾರ ಎಂದು ಬರೆಯುವ ಮುನ್ನ, ಮುರಿದ ಆಚಾರ ಯಾರದೆಂದು ಕೇಳಿಕೊ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ನಡೆದ ಮದುವೆ ಅಂದಿನ ಕಲ್ಯಾಣದ ದೊಡ್ಡವರ ಕಣ್ಣಿಗೆ ಅನಾಚಾರವೇ ಆಗಿತ್ತು. ಅದಕ್ಕಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರೆಂದು ಪರಂಪರೆ ಹೇಳುತ್ತದೆ.

ನಿನ್ನ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನೇ ನೋಡು. ದೇವದಾಸಿಯರಾಗಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರಿಗೆ ಜನ ಎಂತೆಂಥ ಹೊಲಸು ಹೆಸರಿಟ್ಟರು! ಮುತ್ತು ಕಟ್ಟಿಸಿದವರಿಗೆ, ಕತ್ತಲಲ್ಲಿ ಬಂದು ಹೋದ ಗಂಡಸರಿಗೆ ಅಂಥ ಹೆಸರು ಹುಟ್ಟಲೇ ಇಲ್ಲ. ಸಮರ್ಪಣೆ ಮಾಡಿದವರು, ಹೆತ್ತವರಾದರೂ ಸರಿ, ಶಿಕ್ಷೆಗೆ ಅರ್ಹರೆಂದು ಕರ್ನಾಟಕದ 1982ರ ದೇವದಾಸಿ ನಿಷೇಧ ಕಾಯ್ದೆ ಹೇಳಿತು. ಕಾನೂನು ತಪ್ಪಿತಸ್ಥರತ್ತ ಬೆರಳು ತೋರಿಸಿದರೂ ಬೈಗುಳ ಆ ಹೆಣ್ಣುಗಳ ಬೆನ್ನು ಬಿಡಲಿಲ್ಲ. ಇಂದಿಗೂ ಪತ್ರಿಕೆ ತೆರೆದರೆ 'ಅನೈತಿಕ ಸಂಬಂಧದ ಶಂಕೆ, ಪತ್ನಿಯ ಕೊಲೆ' ಎಂಬಂಥ ತಲೆಬರಹ ಕಾಣುತ್ತದೆ. ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರಲ್ಲೇ ರದ್ದುಪಡಿಸಿದೆ. ಆದರೂ ಅನೈತಿಕ ಎಂಬ ಮಾತು ಕೊಂದವನನ್ನು ಬಿಟ್ಟು ಸತ್ತವಳಿಗೇ ಅಂಟುತ್ತದೆ. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ನಿನಗೂ ಬರಬೇಕು.

ನಮ್ಮ ಬಾಗೇವಾಡಿಯ ಬಸವಣ್ಣನವರು 'ಕಳಬೇಡ, ಕೊಲಬೇಡ' ಎಂದು ತೊಡಗಿ ಏಳು ಕೆಲಸಗಳನ್ನು ಬೇಡವೆಂದರು. ಕೆಟ್ಟ ಮನುಷ್ಯ ಇಂಥವನು ಎಂದು ಅಲ್ಲಿ ಯಾರ ಹಣೆಗೂ ಪಟ್ಟಿ ಹಚ್ಚಲಿಲ್ಲ, ಮಾಡುವ ಕೆಲಸವನ್ನಷ್ಟೇ ಹೇಳಿದರು. ಏಳನೆಯದು 'ಇದಿರ ಹಳಿಯಲು ಬೇಡ'. ಬರೆಯುವವರಿಗಾಗಿಯೇ ಹೇಳಿದಂತಿದೆ ಅದು.

ಹಾಗಾಗಿ ಸಾಹುಕಾರನ 'ಅನೀತಿವಂತ'ವನ್ನು ಹೊಡೆದುಹಾಕು. ಒಂದು ಟನ್ನಿಗೆ ಎಷ್ಟು ಕಿಲೋ ಕಡಿಮೆ ತೋರಿಸುತ್ತಾನೆ, ಚೀಟಿ ಕೊಡುವಾಗ ರೈತನ ಮುಖ ನೋಡುತ್ತಾನೋ ಇಲ್ಲವೋ, ಆ ಹಣದಲ್ಲಿ ಯಾವ ಗುಡಿಗೆ ಕಳಸ ಮಾಡಿಸುತ್ತಾನೆ, ಬರೆ. ಇನ್ನು ಆ ವಿಧವೆ. ಮೂರು ಬೈಗುಳ ಕೊಟ್ಟಿರುವೆ, ಕಥೆ ಮುಗಿಯುವವರೆಗೂ ಅವಳಿಗೊಂದು ಹೆಸರಿಟ್ಟಿಲ್ಲ. ಮೊದಲು ಅದನ್ನಿಡು. ತಿದ್ದಿದ ಪ್ರತಿಯನ್ನು ದೀಪಾವಳಿಯೊಳಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ