ಗಂಟಲಿನ ಕ್ಯಾನ್ಸರ್: ವೈರಸ್‌ ಪಾತ್ರ ಮರೆಯದಿರೋಣ

ಮಾನ್ಯ ಸಂಪಾದಕರೇ,

ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಎಂದೊಡನೆ ತಂಬಾಕು ಮತ್ತು ಮದ್ಯದತ್ತ ಬೆರಳು ತೋರಿಸುವುದು ವಾಡಿಕೆ. ಆ ಆರೋಪ ಸುಳ್ಳಲ್ಲ. ಬಾಯಿ ಹಾಗೂ ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ಇಂದಿಗೂ ಅವೇ ಮುಖ್ಯ ಕಾರಣಗಳು. ಆದರೆ ಟಾನ್ಸಿಲ್ ಮತ್ತು ನಾಲಗೆಯ ಬುಡದಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ, ಅದರಲ್ಲೂ ಅದರ 16ನೇ ಬಗೆಯ, ಪಾತ್ರ ದೊಡ್ಡದೆಂಬ ಮಾತು ಸಾರ್ವಜನಿಕ ಚರ್ಚೆಯಲ್ಲಿ ಕೇಳಿಬರುವುದೇ ಅಪರೂಪ. ಗರ್ಭಕಂಠದ ಕ್ಯಾನ್ಸರ್‌ಗೂ ಈ ವೈರಸ್‌ಗೂ ಇರುವ ನಂಟನ್ನು ತೋರಿಸಿದ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಸಂದಿದ್ದರಿಂದಲೋ ಏನೋ, ಇದು ಮಹಿಳೆಯರಿಗಷ್ಟೇ ಸಂಬಂಧಿಸಿದ್ದೆಂಬ ಭಾವನೆ ಬೇರೂರಿದೆ. ಆದರೆ ಈ ವೈರಸ್‌ನಿಂದ ಬರುವ ಗಂಟಲಿನ ಕ್ಯಾನ್ಸರ್‌ಗೆ ಹೆಚ್ಚಾಗಿ ತುತ್ತಾಗುವವರು ಪುರುಷರು.

ಜೀವಕೋಶಗಳು ಹದ್ದುಮೀರಿ ವಿಭಜನೆಯಾಗದಂತೆ ಕಾಯುವ ಪಿ53 ಮತ್ತು ಆರ್‌ಬಿ ಪ್ರೋಟೀನ್‌ಗಳನ್ನು ಈ ವೈರಸ್‌ನ ಇ6 ಮತ್ತು ಇ7 ಪ್ರೋಟೀನ್‌ಗಳು ನಿಷ್ಕ್ರಿಯಗೊಳಿಸುತ್ತವೆ. ಸೋಂಕು ತಗುಲಿದ ಬಹುತೇಕರಲ್ಲಿ ದೇಹವೇ ಅದನ್ನು ಒಂದೆರಡು ವರ್ಷಗಳಲ್ಲಿ ಹೊರದೂಡುವುದರಿಂದ ಸೋಂಕೆಂದರೆ ಕ್ಯಾನ್ಸರ್ ಎಂದು ಹೆದರಬೇಕಿಲ್ಲ; ಆದರೆ ಸೋಂಕು ಉಳಿದುಕೊಂಡ ಕೆಲವರಲ್ಲಿ ದಶಕಗಳ ನಂತರ, ಎಷ್ಟೋ ಸಲ ಕುತ್ತಿಗೆಯಲ್ಲಿ ನೋವಿಲ್ಲದ ಗಂಟಾಗಿ, ರೋಗ ಕಾಣಿಸಿಕೊಳ್ಳುತ್ತದೆ. ಧೂಮಪಾನ ಮಾಡದವರು ಅಂತಹ ಗಂಟನ್ನು ಕಡೆಗಣಿಸುವುದು ಸುಲಭ.

ಪ್ಯಾಪಿಲೋಮಾ ಲಸಿಕೆಯ ಉದ್ದೇಶಗಳ ಪಟ್ಟಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಗಂಟಲಿನ ಕ್ಯಾನ್ಸರ್ ತಡೆಯನ್ನು 2020ರಲ್ಲಿ ಸೇರಿಸಿತು. ಗರ್ಭಕಂಠಕ್ಕೆ ಇರುವಂತಹ ಮುನ್ನೆಚ್ಚರಿಕೆಯ ತಪಾಸಣೆ ಗಂಟಲಿಗೆ ಇಲ್ಲದಿರುವಾಗ, ಲಸಿಕೆಯನ್ನು ಹುಡುಗಿಯರಿಗಷ್ಟೇ ಸೀಮಿತಗೊಳಿಸುವ ಯೋಜನೆಗಳು ನನಗೆ ಅರ್ಧ ಮುಗಿಸಿದ ಕೆಲಸದಂತೆ ತೋರುತ್ತವೆ.

– ಓರ್ವ ಓದುಗ