ಮೀನುಗಾರಿಕೆ ನಿಷೇಧದ ಅವಧಿಯಲ್ಲೇ ಬೆಕ್ಕುಗಳ ಸಂತಾನಹರಣ ನಡೆಯಲಿ

ಮಾನ್ಯರೇ,

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ ಬಂದರಿನಲ್ಲಿ ಬೋಟುಗಳು ಲಂಗರು ಹಾಕುತ್ತಲೇ ಅಲ್ಲಿನ ಬೆಕ್ಕುಗಳ ಹೊಟ್ಟೆಪಾಡು ಕೆಡುತ್ತದೆ. ವರ್ಷದ ಹತ್ತು ತಿಂಗಳು ಬುಟ್ಟಿಯಿಂದ ಉದುರಿದ ಬೂತಾಯಿ, ಮೀನು ಕತ್ತರಿಸುವವರು ಎಸೆದ ತಲೆ, ಕರುಳುಗಳಲ್ಲೇ ಬದುಕುವ ಈ ಬೆಕ್ಕುಗಳು ಮಳೆಯಲ್ಲಿ ನೆನೆಯುತ್ತ ಸುತ್ತಲಿನ ಮನೆ, ಹೋಟೆಲುಗಳ ಹಿತ್ತಿಲಿಗೆ ಬರುತ್ತವೆ. ಅನ್ನ ಹಾಕುವವರಿಗೂ ಓಡಿಸುವವರಿಗೂ ಜಗಳ ಶುರುವಾಗುವುದು ಆಗಲೇ.

ಅನ್ನ ಹಾಕುವವರ ಬಗ್ಗೆ ಗೌರವವಿದೆ. ಆದರೆ ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬಂದು, ಸುಮಾರು ಒಂಬತ್ತು ವಾರಗಳಲ್ಲಿ ಮರಿ ಹಾಕಿ, ಆ ಮರಿಗಳು ಮೊಲೆ ಬಿಡುವ ಮೊದಲೇ ಮತ್ತೆ ಗಬ್ಬವಾಗಬಲ್ಲದು ಎಂಬುದನ್ನು ಗಮನಿಸಿದರೆ, ಸಂತಾನಹರಣವಿಲ್ಲದ ಅನ್ನದಾನ ಎಲ್ಲಿಗೆ ಮುಟ್ಟೀತೆಂದು ಬೇರೆ ಹೇಳಬೇಕಿಲ್ಲ. ಬೇಡವಾದ ಮರಿಗಳನ್ನು ಗೋಣಿಚೀಲದಲ್ಲಿ ತಂದು ಮೀನು ಮಾರುಕಟ್ಟೆಯ ಹಿಂದೆ ಬಿಟ್ಟುಹೋಗುವವರೂ ಇದ್ದಾರೆ. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಬಾರಿಯ ದಂಡ ಮಾತ್ರ 10ರಿಂದ 50 ರೂಪಾಯಿ. ಈ ದಂಡಕ್ಕೆ ಹೆದರುವವರು ಯಾರು?

ಬೆಕ್ಕುಗಳನ್ನು ಹಿಡಿದು ದೂರ ಸಾಗಿಸುವುದರಿಂದಲೂ ಪ್ರಯೋಜನವಿಲ್ಲ. ತಿನ್ನಲು ಸಿಗುವ ಜಾಗಕ್ಕೆ ಬೇರೆ ಬೆಕ್ಕುಗಳು ಬಂದೇ ಬರುತ್ತವೆ. ಹಿಡಿದು, ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಮತ್ತೆ ಮಾಡಬಾರದೆಂಬ ಗುರುತಿಗೆ ಎಡಕಿವಿಯ ತುದಿ ಕತ್ತರಿಸಿ ಅದೇ ಜಾಗಕ್ಕೆ ಬಿಡುವುದೇ ಸರಿಯಾದ ಕ್ರಮ. ಇದಕ್ಕೆ ನಿಷೇಧದ ಅವಧಿಗಿಂತ ಒಳ್ಳೆಯ ಕಾಲವಿಲ್ಲ. ಹೊಟ್ಟೆ ತುಂಬ ಮೀನು ತಿಂದ ಬಂದರಿನ ಬೆಕ್ಕು ಬೋನಿನತ್ತ ತಿರುಗಿಯೂ ನೋಡುವುದಿಲ್ಲ. ಹಸಿದದ್ದು ಒಂದು ಬಂಗುಡೆ ತಲೆಗೇ ಒಳಗೆ ಬರುತ್ತದೆ. ಬಾಗಿಲು ಬಿದ್ದ ಕೂಡಲೇ ಬೋನಿಗೆ ದಪ್ಪ ಬಟ್ಟೆ ಹೊದಿಸಬೇಕು. ಕತ್ತಲಾದರೆ ಅದು ಕಂಬಿಗಳಿಗೆ ಮೂತಿ ಬಡಿದು ಗಾಯ ಮಾಡಿಕೊಳ್ಳುವುದು ನಿಲ್ಲುತ್ತದೆ. ಮೊಲೆಯಲ್ಲಿ ಹಾಲಿರುವ ಬೆಕ್ಕು ಸಿಕ್ಕರೆ ಮೊದಲು ಮರಿಗಳನ್ನು ಹುಡುಕಬೇಕು. ತಾಯಿ ಒಂದೆರಡು ದಿನ ಬಾರದಿದ್ದರೆ ಎಳೆಯ ಮರಿಗಳು ಉಳಿಯುವುದಿಲ್ಲ. ಅಂಥ ಮರಿಗಳಿಗೆ ದನದ ಹಾಲು ಕುಡಿಸಿ ಭೇದಿ ತರಿಸುವುದು ನಮ್ಮಲ್ಲಿ ಸಾಮಾನ್ಯ, ಇದನ್ನೂ ಬಿಡಬೇಕು. ಬಲೆ ಕಡಿಯುವ ಇಲಿಗಳ ಕಾಟ ಬಲ್ಲ ಬೋಟಿನವರು ಬೆಕ್ಕುಗಳು ಮರಳಿ ಬರುವುದನ್ನು ವಿರೋಧಿಸಲಾರರು ಎಂದು ನನ್ನ ಅನಿಸಿಕೆ.

2001ರ ಸಂತಾನ ನಿಯಂತ್ರಣ ನಿಯಮಗಳು ನಾಯಿಗಳಿಗಷ್ಟೇ ಇದ್ದವು. ಅವುಗಳ ಬದಲಿಗೆ 2023ರಲ್ಲಿ ಬಂದ ನಿಯಮಗಳ ಹೆಸರಿನಲ್ಲಿ ನಾಯಿಯ ಮಾತಿಲ್ಲ, ಬಡಾವಣೆಯ ಪ್ರಾಣಿಗಳಿಗೆ ಆಹಾರ ಹಾಕುವ ಜಾಗ ಗೊತ್ತುಮಾಡುವ ಹೊಣೆ ನಿವಾಸಿಗಳ ಸಂಘಕ್ಕಿದೆ. ಆದ್ದರಿಂದ ಉಡುಪಿ ನಗರಸಭೆ ಮತ್ತು ಪಶುಸಂಗೋಪನಾ ಇಲಾಖೆ ಮೇ ತಿಂಗಳೊಳಗೇ ವೈದ್ಯರನ್ನೂ ಶಸ್ತ್ರಚಿಕಿತ್ಸೆಯ ನಂತರ ಬೆಕ್ಕುಗಳನ್ನು ಇರಿಸುವ ಒಣ ಜಾಗವನ್ನೂ ಗೊತ್ತುಮಾಡಿ, ಜೂನ್ ಮೊದಲ ವಾರದಿಂದ ಬಂದರಿನಲ್ಲಿ ಕೆಲಸ ಆರಂಭಿಸಬೇಕೆಂದು ವಿನಂತಿ. ಹತ್ತಿಪ್ಪತ್ತು ಬೋನುಗಳನ್ನು ಠೇವಣಿಯ ಮೇಲೆ ಕೊಡುವ ವ್ಯವಸ್ಥೆಯಾದರೆ, ಹಿಡಿದು ತಂದು ಮರಳಿ ಬಿಡುವ ಕೆಲಸವನ್ನು ಅನ್ನ ಹಾಕುತ್ತಿರುವ ನಾವೇ ವಹಿಸಿಕೊಳ್ಳುತ್ತೇವೆ.

– ಓರ್ವ ಓದುಗ, ಕೊಡವೂರು, ಉಡುಪಿ