ಮಲ್ಪೆ ಪ್ರವಾಸ: ಮಕ್ಕಳನ್ನು ಕಡಲಿಗೆ ಯಾಕೆ ಇಳಿಸುವುದಿಲ್ಲ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ಸಲದ ಪ್ರವಾಸ ಉಡುಪಿ, ಮಲ್ಪೆಗೆ ಅಂತ ಗೊತ್ತಾಗಿದೆ. ಮಕ್ಕಳನ್ನು ಸಮುದ್ರದ ನೀರಿಗೆ ಬಿಡುವುದಿಲ್ಲ ಎಂದು ಸಭೆಯಲ್ಲಿ ಹೇಳಿದಾಗ ಕೆಲವರ ಮುಖ ಸಪ್ಪಗಾಯಿತು. "ನಮ್ಮ ಹುಡುಗರು ಸೂಳೆಕೆರೆಯಲ್ಲೇ ಈಜು ಕಲಿತವರು ಸಾರ್, ಅಲೆಗೆ ಹೆದರ್ತಾರಾ?" ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅವತ್ತು ಸಮಯ ಸಾಲಲಿಲ್ಲ, ಹಾಗಾಗಿ ಈ ಪತ್ರ. ನಾನು ವಿಜ್ಞಾನದ ಮೇಷ್ಟ್ರು, ಮಧ್ಯೆ ಒಂದಿಷ್ಟು ಪಾಠ ನುಸುಳಿದರೆ ಸಹಿಸಿಕೊಳ್ಳಿ.

ಕೆರೆಯಲ್ಲಾಗಲಿ ಕಡಲಲ್ಲಾಗಲಿ, ದಿನನಿತ್ಯ ಕಾಣುವ ಅಲೆ ಎಬ್ಬಿಸುವುದು ಗಾಳಿಯೇ. ಉಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಗಾಳಿ ಎಷ್ಟು ಜೋರು, ಎಷ್ಟು ಹೊತ್ತು ಬೀಸಿತು, ತೆರೆದ ನೀರಿನ ಮೇಲೆ ಎಷ್ಟು ದೂರ ಓಡಿತು, ಈ ಮೂರರ ಮೇಲೆ ಅಲೆಯ ಗಾತ್ರ ನಿಂತಿದೆ. ಆ ದೂರಕ್ಕೆ ಕಡಲು ಬಲ್ಲವರು 'ಫೆಚ್' ಅಂತಾರೆ. ಮೊದಲು ಸಣ್ಣ ತೆರೆ ಏಳುತ್ತದೆ. ಅದರ ಬೆನ್ನಿಗೆ ಗಾಳಿ ಮತ್ತೆ ಮತ್ತೆ ಒತ್ತುತ್ತದೆ, ಜೋಕಾಲಿಯನ್ನು ತಳ್ಳುತ್ತಾ ಹೋದ ಹಾಗೆ. ತೆರೆ ಎತ್ತರವಾಗುತ್ತದೆ, ಉದ್ದವಾಗುತ್ತದೆ, ವೇಗವೂ ಏರುತ್ತದೆ. ಇದಕ್ಕೆಲ್ಲ ಜಾಗ ಬೇಕು.

ಸೂಳೆಕೆರೆ ಎಷ್ಟೇ ದೊಡ್ಡದಿರಲಿ, ಗಾಳಿಗೆ ಅಲ್ಲಿ ಸಿಗುವುದು ಕೆಲವೇ ಕಿಲೋಮೀಟರ್. ಅಲೆ ಬೆಳೆಯುವ ಮೊದಲೇ ಏರಿಯ ಕಲ್ಲಿಗೆ ಬಡಿದು ಮುಗಿದುಹೋಗುತ್ತದೆ. ಮಲ್ಪೆಯಿಂದ ನೇರ ಪಡುವಣಕ್ಕೆ ಹೊರಟರೆ 2,000 ಕಿ.ಮೀ.ಗೂ ಜಾಸ್ತಿ ಬರೀ ನೀರು.

ಹಾಗಂತ ಸರೋವರ ಅಂದರೆ ಸಾಧು ಅಂತ ಅಲ್ಲ. ಅಮೆರಿಕ, ಕೆನಡಾ ನಡುವಿನ ಸುಪೀರಿಯರ್ ಸರೋವರ ಸುಮಾರು 560 ಕಿ.ಮೀ. ಉದ್ದ ಇದೆ. 1975ರ ನವೆಂಬರ್ 10ರಂದು ಅಲ್ಲಿನ ಬಿರುಗಾಳಿಗೆ ಸಿಕ್ಕ 'ಎಡ್ಮಂಡ್ ಫಿಟ್ಜ್‌ಜೆರಾಲ್ಡ್' ಎಂಬ 222 ಮೀಟರ್ ಉದ್ದದ ಹಡಗು ಮುಳುಗಿತು. ಅದರಲ್ಲಿದ್ದ 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸಿಹಿನೀರು ಅಂತ ಗಾಳಿ ಬಿಡಲಿಲ್ಲ ನೋಡಿ.

ನನ್ನನ್ನು ನಿಜವಾಗಿ ಹೆದರಿಸುವ ವಿಷಯ ಬೇರೆ. ಕೆರೆಯಲ್ಲಿ ಗಾಳಿ ನಿಂತರೆ ಸ್ವಲ್ಪ ಹೊತ್ತಿಗೇ ನೀರೂ ಸುಮ್ಮನಾಗುತ್ತದೆ. ನಮ್ಮ ಮಕ್ಕಳು ಕಲಿತಿರುವುದು ಅದನ್ನೇ: ಗಾಳಿ ಇಲ್ಲ, ಇಳಿಯಬಹುದು. ಕಡಲಲ್ಲಿ ಈ ಲೆಕ್ಕ ನಡೆಯುವುದಿಲ್ಲ. ದೂರದಲ್ಲಿ ಎದ್ದ ಉದ್ದನೆಯ ಅಲೆಗಳು, ಎಬ್ಬಿಸಿದ ಗಾಳಿ ನಿಂತುಹೋದ ಮೇಲೂ ದಿನಗಟ್ಟಲೆ ಸಾಗುತ್ತಲೇ ಇರುತ್ತವೆ. ಇವಕ್ಕೆ 'ಸ್ವೆಲ್' ಎನ್ನುತ್ತಾರೆ. ಅಂಟಾರ್ಕ್ಟಿಕಾ ಕಡೆಯ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿ.ಮೀ. ದಾಟಿ ನಮ್ಮ ಕರಾವಳಿಗೆ ಬರುತ್ತವೆ. ಚಳಿಗಾಲದಲ್ಲಿ ಅರಬ್ ನಾಡಿನ ಕಡೆ ಬೀಸುವ ಶಮಾಲ್ ಗಾಳಿಯ ಅಲೆಗಳೂ ಬರುತ್ತವೆ. ಅಂದರೆ ಮಲ್ಪೆಯಲ್ಲಿ ಎಲೆ ಅಲ್ಲಾಡದಿದ್ದರೂ ದೊಡ್ಡ ಅಲೆ ಬರಬಹುದು.

ಕೆರೆಯ ಅಲೆ ಎರಡು ಮೂರು ಸೆಕೆಂಡಿಗೊಂದು ಬರುತ್ತದೆ. ಸ್ವೆಲ್ ಅಲೆಗಳ ನಡುವೆ ಹತ್ತು ಹದಿನೈದು ಸೆಕೆಂಡ್ ಬಿಡುವು ಇರುತ್ತದೆ. ಆಳದಲ್ಲಿ ಅವು ಚಪ್ಪಟೆಯಾಗಿ ಕಾಣುತ್ತವೆ. ದಡದ ಹತ್ತಿರ ನೀರು ಕಡಿಮೆಯಾದಾಗ ವೇಗ ತಗ್ಗಿ, ಎತ್ತರ ಏರಿ, ಮುರಿದು ಬೀಳುತ್ತವೆ. ಜತೆಗೆ, ಅಲೆಗಳು ಬರುವುದು ಗುಂಪು ಗುಂಪಾಗಿ. ಎರಡು ನಿಮಿಷ ಶಾಂತವಾಗಿದ್ದ ನೀರಿಗೆ ಮಗು ನಾಲ್ಕು ಹೆಜ್ಜೆ ಮುಂದಿಟ್ಟಿರುತ್ತದೆ, ಅಷ್ಟರಲ್ಲಿ ದೊಡ್ಡ ಗುಂಪು ಬರುತ್ತದೆ. ದಡಕ್ಕೆ ಏರಿದ ನೀರು ವಾಪಸ್ ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಕೆರೆಯಲ್ಲಿ ಈಜು ಬರುವವನಿಗೂ ಇದು ಹೊಸದು.

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಹೋದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು ನಿಮಗೆಲ್ಲ ನೆನಪಿದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಹಾಗಾಗಿ ನಿಯಮ ಬದಲಾಗುವುದಿಲ್ಲ. ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮುನ್ಸೂಚನೆ ನೋಡುತ್ತೇವೆ. ಎಚ್ಚರಿಕೆ ಇದ್ದರೆ ಬೀಚ್ ಬಿಟ್ಟು ಮಲ್ಪೆ ಬಂದರು ಮಾತ್ರ ತೋರಿಸುತ್ತೇವೆ. ಇಲ್ಲದಿದ್ದರೆ ಒಣ ಮರಳಿನಲ್ಲಿ ಕೂತು, ಗಡಿಯಾರ ಹಿಡಿದು ಒಂದು ಅಲೆಗೂ ಇನ್ನೊಂದಕ್ಕೂ ಎಷ್ಟು ಸೆಕೆಂಡ್ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಅದಕ್ಕೆ ಮೊದಲು, ಸಾಧ್ಯವಾದರೆ ಈ ಭಾನುವಾರ ಕೆರೆ ಏರಿಗೆ ಕರೆದೊಯ್ದು ಅಲ್ಲಿನ ಅಲೆಯನ್ನೂ ಎಣಿಸಲು ಹೇಳಿ.

ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಈಜುಡುಗೆ ಕಳಿಸಬೇಡಿ. ಟೋಪಿ, ನೀರಿನ ಬಾಟಲಿ ಸಾಕು.

ಇಂತಿ,
ಮುಖ್ಯ ಶಿಕ್ಷಕರು